ಕೆಂಡಗೊರಸಿನ ದಂಡು ಚಳಿಗಾಲದಲ್ಲಿ ಏನನ್ನು ತಿನ್ನುತ್ತದೆ?

ದಂಡಿನ ಕಥೆಗಾರ

ಗೆಳೆಯರೇ, ನಾವು ಆರು ಜನ ಪ್ರತಿ ಭಾನುವಾರ ಸಂಜೆ ಒಂದೆಡೆ ಸೇರಿ, ಪಾತ್ರಗಳನ್ನು ಹಂಚಿಕೊಂಡು, ದಾಳ ಉರುಳಿಸುತ್ತಾ ಕಥೆ ಬೆಳೆಸುವ ಆಟವನ್ನು ಕನ್ನಡದಲ್ಲಿಯೇ ಆಡುತ್ತೇವೆ. ಕಥೆ ಕಟ್ಟುವ ಹೊಣೆ ನನ್ನದು. ಈ ಸಲಕ್ಕಾಗಿ, ಇಂಗ್ಲಿಷ್ ಕಲ್ಪನಾಕಥೆಗಳಲ್ಲಿ ಬರುವ ಕುರೂಪಿ ಯೋಧಜೀವಿಗಳಾದ ಓರ್ಕ್‌ಗಳ ಒಂದು ಅಲೆಮಾರಿ ದಂಡನ್ನು ಕಲ್ಪಿಸಿಕೊಂಡಿದ್ದೇನೆ. ಹೆಸರು ಕೆಂಡಗೊರಸು. ಮೂರು ಸಾವಿರ ಸವಾರರು, ಎಲ್ಲರೂ ದೈತ್ಯ ತೋಳಗಳ ಮೇಲೆ. ಹದಿನಾಲ್ಕು ತಲೆಮಾರಿನ ನಾಯಕರು, ಒಂಬತ್ತು ಮಹಾಯುದ್ಧಗಳು, ಸುಟ್ಟ ಕೋಟೆಗಳ ಪಟ್ಟಿ ಎಲ್ಲ ಸೇರಿ ನಲವತ್ತು ಪುಟ ಬರೆದೆ.

ಅದನ್ನು ಓದಿದ ನನ್ನ ಅಕ್ಕ ಎರಡೇ ಪ್ರಶ್ನೆ ಕೇಳಿದಳು. ಯುದ್ಧವಿಲ್ಲದ ದಿನ ಇವರು ಏನು ತಿನ್ನುತ್ತಾರೆ? ಇವರ ಮಕ್ಕಳು ಎಲ್ಲಿದ್ದಾರೆ? ನಲವತ್ತು ಪುಟಗಳಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ. ಆಟಗಾರರು ಈ ದಂಡಿನೊಂದಿಗೆ ಒಂದು ಚಳಿಗಾಲ ಕಳೆಯಬೇಕಾಗಿರುವುದರಿಂದ ಈ ಪ್ರಶ್ನೆಗಳನ್ನು ದಾಟಿ ಹೋಗಲು ಸಾಧ್ಯವಿಲ್ಲ. ಅಲೆಮಾರಿ ಸೈನ್ಯಗಳ ಇತಿಹಾಸ ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಬಿಳಿಗುದುರೆ

ನಿಮ್ಮ ಅಕ್ಕನವರು ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲು ತೋಳಗಳ ಲೆಕ್ಕ ನೋಡೋಣ. ಸವಾರನನ್ನು ಹೊರುವಷ್ಟು ದೊಡ್ಡ ತೋಳಕ್ಕೆ ದಿನಕ್ಕೆ ಹತ್ತು ಕಿಲೋ ಮಾಂಸವೆಂದು ಕಡಿಮೆಯಲ್ಲಿಯೇ ಇಟ್ಟುಕೊಂಡರೂ, ಮೂರು ಸಾವಿರ ತೋಳಗಳಿಗೆ ದಿನಕ್ಕೆ 30,000 ಕಿಲೋ ಬೇಕಾಗುತ್ತದೆ. ಒಂದು ಕುರಿಯಿಂದ ಹದಿನೈದು ಕಿಲೋ ಮಾಂಸ ಸಿಕ್ಕಿತೆಂದರೂ ದಿನಕ್ಕೆ ಎರಡು ಸಾವಿರ ಕುರಿ. ತಿಂಗಳಿಗೆ ಅರವತ್ತು ಸಾವಿರ. ಯಾವ ಲೂಟಿಯೂ ಈ ಹೊಟ್ಟೆಯನ್ನು ತುಂಬಿಸಲಾರದು. ಹುಲ್ಲುಗಾವಲಿನ ಜನರು ಲೋಕವನ್ನು ಗೆದ್ದದ್ದು ಹುಲ್ಲು ತಿನ್ನುವ ವಾಹನದಿಂದ. ಅವರ ಕುದುರೆ ನಡೆಯುವ ದಾರಿಯಲ್ಲಿಯೇ ಅದರ ಮೇವೂ ಬೆಳೆದಿರುತ್ತಿತ್ತು.

ಮೂರನೇ ದಾಳ

ಇದು ಕಲ್ಪನಾಲೋಕ ಎಂಬುದನ್ನು ನಾವು ಮರೆಯುತ್ತಿದ್ದೇವೆ. ಬೆಂಕಿಯುಗುಳುವ ಹಾವುಗಳಿರುವ ಜಗತ್ತಿನಲ್ಲಿ ತೋಳದ ಮೇವಿನ ಲೆಕ್ಕ ಹಾಕುವುದು ಆಟದ ಸೊಗಸನ್ನು ಕೆಡಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಓರ್ಕ್‌ಗಳು ಏನನ್ನು ಬೇಕಾದರೂ ತಿನ್ನಬಲ್ಲರು ಎಂದು ಒಂದು ಸಾಲು ಬರೆದರೆ ಮುಗಿಯಿತು.

ಹಗರಿ ದಂಡೆ

ಮುಗಿಯುವುದಿಲ್ಲ. ಏನನ್ನು ಬೇಕಾದರೂ ತಿನ್ನುವ ಜನಕ್ಕೆ ಹಸಿವಿನ ಭಯವಿರುವುದಿಲ್ಲ. ಹಸಿವಿನ ಭಯವಿಲ್ಲದವರು ವಲಸೆ ಹೋಗಬೇಕಾದ ಕಾರಣವೂ ಇಲ್ಲ. ಆಗ ಅಲೆಮಾರಿ ಎಂಬ ಮಾತು ಬರೀ ಅಲಂಕಾರವಾಗಿ ಉಳಿಯುತ್ತದೆ. ಅವರು ಏಕೆ ನಡೆಯುತ್ತಾರೆ ಎಂಬುದೇ ಈ ದಂಡಿನ ಸಂಸ್ಕೃತಿಯ ಬುಡ. ಹಾಡು, ದೇವರು, ಮದುವೆ, ಹಗೆ, ಎಲ್ಲವೂ ಆಮೇಲೆ ಅದರಿಂದ ಚಿಗುರುತ್ತವೆ.

ಬಿಳಿಗುದುರೆ

ಹಗರಿ ದಂಡೆಯವರ ಮಾತಿಗೆ ಸ್ವಲ್ಪ ಅಂಕಿ ಸೇರಿಸುತ್ತೇನೆ. ಮಂಗೋಲಿಯಾದಲ್ಲಿ ದನಗಾಹಿಗಳು ಐದು ಬಗೆಯ ಪ್ರಾಣಿಗಳನ್ನು ಸಾಕುತ್ತಾರೆ: ಕುದುರೆ, ಒಂಟೆ, ದನ, ಕುರಿ, ಆಡು. ಅಲ್ಲಿ ಹುಲ್ಲುಗಾವಲಿನ ಹೊರೆಯನ್ನು ಅಳೆಯುವಾಗ ಎಲ್ಲವನ್ನೂ ಕುರಿಯ ಲೆಕ್ಕಕ್ಕೆ ಇಳಿಸುವ ಪದ್ಧತಿಯಿದ್ದು, ಆ ಲೆಕ್ಕದಲ್ಲಿ ಒಂದು ಕುದುರೆ ಏಳು ಕುರಿಗಳಿಗೆ ಸಮ. ಹದಿಮೂರನೆಯ ಶತಮಾನದ ಮಂಗೋಲ ಸವಾರನೊಬ್ಬ ಒಂದೇ ಕುದುರೆಯನ್ನು ನೆಚ್ಚಿ ಹೊರಡುತ್ತಿರಲಿಲ್ಲ. ಬದಲಿಸಿ ಏರಲು ಮೂರು ನಾಲ್ಕು ಕುದುರೆಗಳು ಜೊತೆಗಿರುತ್ತಿದ್ದವು. ನಿಮ್ಮ ಮೂರು ಸಾವಿರ ಸವಾರರಿಗೆ ತಲಾ ನಾಲ್ಕರಂತೆ 12,000 ಕುದುರೆಗಳಾದರೆ, ನೆಲದ ಮೇಲೆ ಅದು 84,000 ಕುರಿಗಳ ಭಾರ. ಇನ್ನು ಮನೆಮಂದಿಯ ಹಾಲು ಮಾಂಸಕ್ಕೆ ಬೇಕಾದ ನಿಜವಾದ ಕುರಿಗಳು ಬೇರೆ. ಇಷ್ಟೂ ಪ್ರಾಣಿಗಳು ಒಂದೇ ಕಣಿವೆಯಲ್ಲಿ ನಿಂತರೆ ಕೆಲವೇ ದಿನಗಳಲ್ಲಿ ಅಲ್ಲಿ ಮಣ್ಣು ಮಾತ್ರ ಉಳಿಯುತ್ತದೆ.

ಆದ್ದರಿಂದ ಕೆಂಡಗೊರಸು ವರ್ಷವಿಡೀ ಒಟ್ಟಿಗೆ ಇರುವ ದಂಡಾಗಿರಲು ಸಾಧ್ಯವೇ ಇಲ್ಲ. ಚಳಿಗಾಲದಲ್ಲಿ ಅದು ನಾಲ್ಕೈದು ಗುಡಾರಗಳ ಸಣ್ಣ ಹಟ್ಟಿಗಳಾಗಿ ಒಡೆದು, ಗಾಳಿ ತಾಗದ ಕಣಿವೆಗಳಲ್ಲಿ ಚದುರಿ ಕುಳಿತಿರಬೇಕು. ಬೇಸಿಗೆಯಲ್ಲಿ ಹುಲ್ಲು ಬಂದಾಗ ಕೂಡಬೇಕು. ಯುದ್ಧಕ್ಕೆ ಹೊರಡುವುದು ಶರತ್ಕಾಲದಲ್ಲಿ, ಕುದುರೆಗಳು ಮೇದು ಕೊಬ್ಬಿರುವಾಗ. ಉತ್ತರದ ಅಲೆಮಾರಿಗಳ ದಾಳಿ ಆ ಕಾಲಕ್ಕೇ ಬರುತ್ತದೆಂದು ಚೀನದ ಗಡಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಮುಂಗಾರು

ಇದಕ್ಕೆ ಒಳ್ಳೆಯ ಉದಾಹರಣೆ ಹಂಗೇರಿ. 1241ರಲ್ಲಿ ಹಂಗೇರಿಯನ್ನು ತುಳಿದ ಮಂಗೋಲರು 1242ರಲ್ಲಿ ಹಿಂದಿರುಗಿದ್ದು, ಅಲ್ಲಿನ ಬಯಲಿನ ಹುಲ್ಲು ಅವರ ಕುದುರೆಗಳಿಗೆ ಸಾಲದೆ ಹೋದದ್ದರಿಂದ.

ಬಿಳಿಗುದುರೆ

ಮುಂಗಾರು ಅವರೇ, ಅದು ಇತಿಹಾಸಕಾರರು ಮುಂದಿಟ್ಟಿರುವ ಹಲವು ಕಾರಣಗಳಲ್ಲಿ ಒಂದು ಮಾತ್ರ. ಮಹಾಖಾನನಾಗಿದ್ದ ಒಗೆದೈ 1241ರ ಡಿಸೆಂಬರಿನಲ್ಲಿ ತೀರಿಕೊಂಡನು. ಮುಂದಿನ ಖಾನನ ಆಯ್ಕೆಯ ಪ್ರಶ್ನೆ ಎದುರಾದದ್ದರಿಂದ ಆ ದಂಡಿನ ಮುಖ್ಯಸ್ಥ ಬಾತು ಸೈನ್ಯವನ್ನು ಹಿಂದೆಗೆದನು ಎಂಬ ವಾದವೂ ಅಷ್ಟೇ ಬಲವಾಗಿದೆ. ಒಂದೇ ಕಾರಣವನ್ನು ಹಿಡಿದು ಕೂರುವುದು ಬೇಡ. ಆದರೆ ಹುಲ್ಲಿಗೂ ಸಾಮ್ರಾಜ್ಯಕ್ಕೂ ನಂಟಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಮಧ್ಯ ಮಂಗೋಲಿಯಾದ ಹಳೆಯ ಮರಗಳ ವಾರ್ಷಿಕ ಬಳೆಗಳನ್ನು ಓದಿ 2014ರಲ್ಲಿ ಪ್ರಕಟವಾದ ಅಧ್ಯಯನವು, 1211ರಿಂದ 1225ರವರೆಗೆ ಅಲ್ಲಿ ಅಪರೂಪವೆನ್ನುವಷ್ಟು ಮಳೆಯಾಗಿತ್ತೆಂದು ತೋರಿಸಿದೆ. ಚೆಂಗೀಸ್ ಖಾನನ ದಂಡಯಾತ್ರೆಗಳು ನಡೆದದ್ದು ಬಹುಪಾಲು ಅದೇ ವರ್ಷಗಳಲ್ಲಿ.

ದಂಡಿನ ಕಥೆಗಾರ

ತೋಳಗಳನ್ನು ಕೈಬಿಡುತ್ತೇನೆ, ಮನಸ್ಸಿಗೆ ನೋವಾದರೂ ಸರಿ. ಆದರೆ ನಾಯಕನ ಕಾವಲಿಗೆ ಹನ್ನೆರಡು ತೋಳಗಳಾದರೂ ಇರಲಿ ಎಂಬ ಆಸೆಯಿದೆ.

ಓದುವ ಹಸಿವು

ಹನ್ನೆರಡಾದರೆ ಅದಕ್ಕೊಂದು ಅರ್ಥ ಬರುತ್ತದೆ. ದಿನಕ್ಕೆ ಎಂಟು ಕುರಿಗಳನ್ನು ತೋಳಗಳಿಗೆ ಹಾಕಬಲ್ಲವನೇ ನಾಯಕ ಎಂದು ಎಲ್ಲರೂ ನೋಡುತ್ತಾರೆ. ಕೆಟ್ಟ ಚಳಿಗಾಲದಲ್ಲಿ ಅದೇ ತೋಳಗಳನ್ನು ನೋಡಿ ಜನ ಹಲ್ಲು ಕಡಿಯುತ್ತಾರೆ. ಇದಕ್ಕೆ ವಿರುದ್ಧವಾದ ನಾಯಕತ್ವವೂ ಇತಿಹಾಸದಲ್ಲಿದೆ. 449ರಲ್ಲಿ ಪೂರ್ವ ರೋಮಿನ ರಾಯಭಾರಿಗಳ ಜೊತೆ ಹೂಣರ ಬೀಡಿಗೆ ಹೋದ ಪ್ರಿಸ್ಕಸ್ ಎಂಬಾತನು ಹೂಣರ ದೊರೆ ಅಟ್ಟಿಲನ ಔತಣವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅತಿಥಿಗಳಿಗೆ ಬೆಳ್ಳಿಯ ತಟ್ಟೆ, ಚಿನ್ನ ಬೆಳ್ಳಿಯ ಬಟ್ಟಲು. ಅಟ್ಟಿಲನ ಮುಂದೆ ಮಾತ್ರ ಮರದ ತಟ್ಟೆಯಲ್ಲಿ ಮಾಂಸ, ಕೈಯಲ್ಲಿ ಮರದ ಬಟ್ಟಲು. ಲೂಟಿಯನ್ನು ಹಂಚುವವನು ತಾನೇ ಅದನ್ನು ಅನುಭವಿಸುತ್ತಿಲ್ಲ ಎಂಬುದನ್ನು ಸಭೆಯ ನಡುವೆ ತೋರಿಸುವ ರೀತಿ ಅದು ಎಂದು ನನಗೆ ತೋರುತ್ತದೆ. ನಿಮ್ಮ ನಾಯಕ ಯಾವ ಬಗೆಯವನು ಎಂಬುದನ್ನು ಅವನ ತಟ್ಟೆಯಿಂದಲೇ ತೋರಿಸಬಹುದು.

ಅದೇ ಪ್ರಯಾಣದಲ್ಲಿ ಒಂದು ರಾತ್ರಿ ಕೆರೆಯೊಂದರ ಬಳಿ ಬಿರುಗಾಳಿ ಎದ್ದು ರಾಯಭಾರಿಗಳ ಗುಡಾರ ಹಾರಿಹೋಗುತ್ತದೆ. ಕತ್ತಲಲ್ಲಿ ಕೂಗುತ್ತಾ ಹತ್ತಿರದ ಹಳ್ಳಿಗೆ ಬಂದವರಿಗೆ ಬೆಂಕಿ, ಊಟ, ಆಸರೆ ಕೊಡಿಸಿದವಳು ಆ ಹಳ್ಳಿಯ ಒಡತಿ. ಅವಳು ಅಟ್ಟಿಲನ ಅಣ್ಣ ಬ್ಲೇಡನ ವಿಧವೆಯರಲ್ಲಿ ಒಬ್ಬಳು. ಬ್ಲೇಡನ ಸಾವಿಗೆ ಅಟ್ಟಿಲನೇ ಕಾರಣನೆಂದು ಹೇಳುತ್ತಿದ್ದ ಕಾಲದಲ್ಲಿ ಅವನ ವಿಧವೆ ಹಳ್ಳಿಯನ್ನು ಆಳುತ್ತಿದ್ದಳು! ಇಂಥ ಒಂದು ಪಾತ್ರ ನಿಮ್ಮ ನಲವತ್ತು ಪುಟಗಳಲ್ಲಿ ಇದೆಯೇ?

ದಂಡಿನ ಕಥೆಗಾರ

ಇಲ್ಲ. ಹದಿನಾಲ್ಕು ನಾಯಕರೂ ಗಂಡಸರು. ಅಕ್ಕನಿಗೆ ಇದನ್ನು ತೋರಿಸಿದರೆ ಮೂರನೆಯ ಪ್ರಶ್ನೆ ಕೇಳುತ್ತಾಳೆ.

ಕಂಬಳಿ

ನಾನು ಇತಿಹಾಸ ಓದಿದವನಲ್ಲ. ಆದರೆ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ನಮ್ಮ ದೊಡ್ಡಪ್ಪ ದೀಪಾವಳಿ ಕಳೆದ ಮೇಲೆ ಹಿಂಡು ಹೊಡೆದುಕೊಂಡು ಹೊರಟರೆ ಮುಂಗಾರು ಹತ್ತಿರವಾದಾಗಲೇ ಊರಿಗೆ ಬರುತ್ತಿದ್ದರು. ಚಿಕ್ಕಂದಿನಲ್ಲಿ ಎರಡು ರಜೆಗಳಲ್ಲಿ ಅವರ ಜೊತೆ ನಡೆದಿದ್ದೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ, ನಿಮ್ಮ ದಂಡಿಗೆ ಆಗಿಬರಬಹುದು.

ಬೆಳಗಿನ ಜಾವ ಗಂಡಸರು ಹಿಂಡು ಎಬ್ಬಿಸಿ ಮೇಯಿಸುತ್ತಾ ಸುತ್ತು ಹಾದಿಯಲ್ಲಿ ಹೋಗುತ್ತಿದ್ದರು. ದೊಡ್ಡಮ್ಮ ಪಾತ್ರೆ, ಹಿಟ್ಟಿನ ಚೀಲ, ಬಲೆ, ಕಂಬಳಿ ಎಲ್ಲವನ್ನೂ ಸಣ್ಣ ಕುದುರೆಯ ಮೇಲೆ ಹೇರಿ, ರಾತ್ರಿ ಈದ ಮರಿಗಳನ್ನು ತಲೆ ಮಾತ್ರ ಕಾಣುವಂತೆ ಜೋಳಿಗೆಯಲ್ಲಿ ಇಳಿಬಿಟ್ಟು, ನೇರ ದಾರಿಯಲ್ಲಿ ಮುಂದಿನ ಬಿಡಾರಕ್ಕೆ ನಡೆಯುತ್ತಿದ್ದರು. ಯಾರ ಹೊಲದಲ್ಲಿ ಇಳಿಯಬೇಕು, ಒಂದು ರಾತ್ರಿ ಮಂದೆ ನಿಲ್ಲಿಸಿದ್ದಕ್ಕೆ ಹೊಲದವರು ಎಷ್ಟು ಸೇರು ಜೋಳ ಕೊಡಬೇಕು ಎಂಬ ಮಾತುಕತೆ ಮುಗಿಸುತ್ತಿದ್ದವರು ಅವರೇ. ಗಂಡಸರು ಸಂಜೆ ಬರುವಷ್ಟರಲ್ಲಿ ಒಲೆ ಉರಿಯುತ್ತಿರುತ್ತಿತ್ತು. ಎಲ್ಲಿ ಮಲಗುತ್ತೇವೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಾರದು ಎಂದು ನೋಡಿದರೆ, ಅಲೆಮಾರಿ ಗುಂಪಿನಲ್ಲಿ ಆಳುವವರು ಯಾರೆಂದು ಗೊತ್ತಾಗುತ್ತದೆ.

ಇನ್ನೊಂದು ಮಾತು. ಹೊಲದವರಿಗೂ ನಮಗೂ ಜಗಳವಾಗುತ್ತಿದ್ದುದು ನಿಜ, ಆದರೆ ಅವರಿಗೆ ಗೊಬ್ಬರ ಬೇಕು, ನಮಗೆ ಕಾಳು ಬೇಕು. ನಿಮ್ಮ ಓರ್ಕ್‌ಗಳು ರೈತರನ್ನು ಸುಟ್ಟುಹಾಕುತ್ತಲೇ ಇದ್ದರೆ ಮುಂದಿನ ವರ್ಷ ಅವರಿಗೆ ಕಾಳು ಕೊಡುವವರು ಯಾರು?

ಹಗರಿ ದಂಡೆ

ಕಂಬಳಿಯವರ ಕೊನೆಯ ಪ್ರಶ್ನೆಗೆ ಚಪ್ಪಾಳೆ. ಹುಲ್ಲುಗಾವಲಿನವರು ಕಬ್ಬಿಣ, ಕಾಳು, ಬಟ್ಟೆ, ಚಹಾ ಇವೆಲ್ಲವನ್ನೂ ನೆಲೆನಿಂತವರಿಂದ ಪಡೆಯಬೇಕಾಗಿತ್ತು. ಗಡಿಯ ಸಂತೆ ತೆರೆದಿದ್ದರೆ ಕುದುರೆ ಮಾರಿ ಕೊಳ್ಳುತ್ತಿದ್ದರು, ಮುಚ್ಚಿದರೆ ದಾಳಿ ಮಾಡಿ ಒಯ್ಯುತ್ತಿದ್ದರು. ಕೆಂಡಗೊರಸಿನ ಒಂಬತ್ತು ಯುದ್ಧಗಳಲ್ಲಿ ಎಷ್ಟು ಯುದ್ಧಗಳಿಗೆ ಮುಚ್ಚಿದ ಸಂತೆ ಕಾರಣ ಎಂದು ನೀವು ಮೊದಲು ನಿರ್ಧರಿಸಬೇಕು.

ಮೂರನೇ ದಾಳ

ಹೀಗೆ ಮಾಡುತ್ತಾ ಹೋದರೆ ಓರ್ಕ್‌ಗಳು ಓರ್ಕ್‌ಗಳಾಗಿ ಉಳಿಯುವುದೇ ಇಲ್ಲ. ಆಟಗಾರರಿಗೆ ಎದುರಿಸಲು ಒಬ್ಬ ಭಯಂಕರ ಶತ್ರು ಬೇಡವೇ? ನಮ್ಮ ಕಥೆಗಳಲ್ಲಿ ರಾಕ್ಷಸರಿಲ್ಲವೇ? ರಕ್ಕಸರ ದಂಡು ಎಂದೇ ಹೆಸರಿಟ್ಟು ಅವರನ್ನು ಘೋರವಾಗಿಯೇ ಇರಗೊಡಿ.

ಓದುವ ಹಸಿವು

ರಕ್ಕಸ ಎಂಬ ಹೆಸರು ಇಲ್ಲಿಗೆ ಹೊಂದುವುದಿಲ್ಲ. ನಮ್ಮ ರಾಕ್ಷಸರು ಅಲೆಮಾರಿಗಳಲ್ಲ. ಅವರಿಗೆ ಲಂಕೆಯಂಥ ನಗರವಿದೆ, ಅರಮನೆಯಿದೆ, ತಪಸ್ಸಿದೆ, ವೇದಾಧ್ಯಯನವಿದೆ. ಯಕ್ಷಗಾನದ ಬಣ್ಣದ ವೇಷವನ್ನೇ ನೋಡಿ. ಅಕ್ಕಿಹಿಟ್ಟಿನ ಚಿಟ್ಟೆ, ಅಂದರೆ ಉಬ್ಬು ಚುಕ್ಕಿ, ಒಂದೊಂದಾಗಿ ಇಡುತ್ತಾ ಮುಖ ಬರೆಯಲು ಗಂಟೆಗಟ್ಟಲೆ ಬೇಕು. ದೊಂದಿಯ ಬೆಂಕಿಗೆ ರಾಳದ ಪುಡಿ ಎರಚಿ, ಆ ಭುಗಿಲಿನ ನಡುವೆ ಒಡ್ಡೋಲಗ, ಅಂದರೆ ಪಾತ್ರದ ಮೊದಲ ಪ್ರವೇಶ, ನಡೆಯುತ್ತದೆ. ಅಷ್ಟು ಘೋರನಾದ ಆ ಪಾತ್ರವೂ ಪ್ರಸಂಗದಲ್ಲಿ ಬಾಯಿ ತೆರೆದು ತನ್ನ ನ್ಯಾಯವನ್ನು ತಾನೇ ವಾದಿಸುತ್ತದೆ. ಭಯಂಕರನಾಗಿರುವುದಕ್ಕೂ ಅರ್ಥವಂತನಾಗಿರುವುದಕ್ಕೂ ನಮ್ಮಲ್ಲಿ ಎಂದೂ ವಿರೋಧವಿರಲಿಲ್ಲ.

ಹಗರಿ ದಂಡೆ

ಓರ್ಕ್ ಎಂಬ ಕಲ್ಪನೆಯ ಹುಟ್ಟನ್ನೂ ನೋಡಬೇಕು. ಅದಕ್ಕೆ ಇಂದಿನ ರೂಪ ಕೊಟ್ಟ ಇಂಗ್ಲಿಷ್ ಲೇಖಕ ಟೋಲ್ಕಿನ್ 1958ರ ಒಂದು ಪತ್ರದಲ್ಲಿ ತಮ್ಮ ಓರ್ಕ್‌ಗಳ ಮುಖವನ್ನು ವರ್ಣಿಸುವಾಗ, ಯುರೋಪಿನವರ ಕಣ್ಣಿಗೆ ಕುರೂಪವೆನಿಸುವ ಮಂಗೋಲ ಮುಖಗಳ ವಿಕೃತ ರೂಪವೆಂಬ ಅರ್ಥ ಬರುವಂತೆ ಬರೆದಿದ್ದಾರೆ. ಹುಲ್ಲುಗಾವಲಿನ ಸವಾರರ ಬಗ್ಗೆ ಯುರೋಪಿಗಿದ್ದ ಹಳೆಯ ಹೆದರಿಕೆ ಹೀಗೆ ಕಲ್ಪನಾಲೋಕಕ್ಕೆ ಇಳಿದಿದೆ. 1974ರಲ್ಲಿ ಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಓರ್ಕ್‌ಗಳು ಕೊಲ್ಲಲಿಕ್ಕಾಗಿಯೇ ಇರುವ ಜೀವಿಗಳಾದರು. 1994ರ ವಾರ್‌ಕ್ರಾಫ್ಟ್ ಕಂಪ್ಯೂಟರ್ ಆಟದಿಂದ ಅವರ ಗುಂಪಿಗೆ ಹೋರ್ಡ್ ಎಂಬ ಹೆಸರು ಅಂಟಿಕೊಂಡಿತು.

ಮುಂಗಾರು

ಹೋರ್ಡ್ ಎಂದರೆ ಶಿಸ್ತಿಲ್ಲದ ಜನಜಂಗುಳಿ ಎಂದಲ್ಲವೇ?

ಹಗರಿ ದಂಡೆ

ಇಂಗ್ಲಿಷಿಗೆ ಹೋದ ಮೇಲೆ ಹಾಗಾಯಿತು. ಅದರ ಮೂಲ ತುರ್ಕಿ ಭಾಷೆಯ ಓರ್ದು. ಅರ್ಥ, ಸೈನ್ಯದ ಬೀಡು, ನಾಯಕನ ಪಾಳೆಯ. ಉರ್ದು ಭಾಷೆಯ ಹೆಸರು ಬಂದಿರುವುದೂ ಅದೇ ಮಾತಿನಿಂದ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಮಾತು ದಂಡು. ಬೆಂಗಳೂರಿನವರು ಕಂಟೋನ್ಮೆಂಟನ್ನು ಇಂದಿಗೂ ದಂಡು ಎನ್ನುತ್ತಾರೆ. ಕಥೆಗಾರರು ತಿಳಿದೋ ತಿಳಿಯದೆಯೋ ಸರಿಯಾದ ಶಬ್ದವನ್ನೇ ಆರಿಸಿಕೊಂಡಿದ್ದಾರೆ.

ಮೂರನೇ ದಾಳ ಅವರಿಗೆ ಒಂದು ಮಾತು ಹೇಳಲೇಬೇಕು. ಹುಟ್ಟಿನಿಂದಲೇ ಕೇಡಿಗರಾದ ಅಲೆಮಾರಿಗಳು ಎಂಬ ಕಲ್ಪನೆ ಕಥೆಗಳಲ್ಲಿ ಮಾತ್ರ ಇದ್ದಿದ್ದರೆ ನಾನು ಇಷ್ಟು ವಾದಿಸುತ್ತಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಬ್ರಿಟಿಷ್ ಸೈನ್ಯ ತನ್ನ ಕಾಳಿಗಾಗಿ ಲಂಬಾಣಿಗರ ಹೇರೆತ್ತುಗಳ ಸಾಲುಗಳನ್ನು ನೆಚ್ಚಿಕೊಂಡಿತ್ತು. ಅದೇ ಬ್ರಿಟಿಷರು 1871ರಲ್ಲಿ ಕಾಯ್ದೆ ತಂದು, ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುತ್ತಾ ಹೋದರು. ಆ ಪಟ್ಟಿ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಜನರನ್ನು ಬೇಲಿಯೊಳಗೆ ಇಟ್ಟಿದ್ದ ಜಾಗಗಳನ್ನು ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಆದ್ದರಿಂದ ಕನ್ನಡದಲ್ಲಿ ಅಲೆಮಾರಿ ದಂಡಿನ ಕಥೆ ಕಟ್ಟುವವರು ಆ ಹಣೆಪಟ್ಟಿಯನ್ನು ಮತ್ತೆ ಅಂಟಿಸಬಾರದು ಎಂಬುದು ನನ್ನ ಕಳಕಳಿಯ ಕೋರಿಕೆ.

ಮೂರನೇ ದಾಳ

ಸೆಟ್ಲಮೆಂಟ್ ಎಂಬ ಹೆಸರಿನ ಹಿಂದೆ ಈ ಕಥೆ ಇದೆಯೆಂದು ನನಗೆ ತಿಳಿದಿರಲಿಲ್ಲ. ಆ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ರಕ್ಕಸರ ದಂಡು ಎಂಬ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೂ ದಂಡಿಗೆ ಭಯಂಕರತೆ ಇರಬೇಕೆಂಬ ನನ್ನ ವಾದವನ್ನು ಬಿಡಲಾರೆ. ಈ ಜನ ಊರುಗಳನ್ನು ಸುಟ್ಟದ್ದೂ ನಿಜವಲ್ಲವೇ?

ಬಿಳಿಗುದುರೆ

ನಿಜ, ಅದನ್ನು ಮುಚ್ಚಿಡುವ ಅಗತ್ಯವೇ ಇಲ್ಲ. 1258ರಲ್ಲಿ ಮಂಗೋಲರ ಕೈಯಲ್ಲಿ ಬಾಗ್ದಾದ್ ನಗರಕ್ಕಾದ ನಾಶವನ್ನು ಯಾವ ಹುಲ್ಲಿನ ಲೆಕ್ಕವೂ ಹಗುರ ಮಾಡಲಾರದು. ಆದರೆ ಭಯ ಹುಟ್ಟಿಸಲು ಕೋರೆಹಲ್ಲು ಬೇಕಾಗಿಲ್ಲ. ಕ್ರಿಸ್ತಪೂರ್ವ 513ರ ಸುಮಾರಿಗೆ ಪರ್ಷಿಯಾದ ದೊರೆ ದಾರಿಯಸ್ ಹುಲ್ಲುಗಾವಲಿನ ಅಲೆಮಾರಿಗಳಾದ ಸಿಥಿಯನ್ನರ ಮೇಲೆ ದಂಡೆತ್ತಿ ಹೋದ ಕಥೆಯನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಸಿಥಿಯನ್ನರು ಎದುರು ನಿಲ್ಲಲಿಲ್ಲ. ಬಾವಿ ಮುಚ್ಚಿ, ಹುಲ್ಲು ನಾಶಮಾಡಿ, ಹಿಂದೆ ಹಿಂದೆ ಸರಿದರು. ಏಕೆ ಓಡುತ್ತೀರಿ ಎಂದು ದಾರಿಯಸ್ ಹೇಳಿಕಳಿಸಿದಾಗ ಅವರ ದೊರೆ ಇದಾಂಥಿರ್ಸಸ್ ಕೊಟ್ಟ ಉತ್ತರದ ಸಾರ ಹೀಗಿದೆ: ನಾವು ಓಡುತ್ತಿಲ್ಲ, ಎಂದಿನಂತೆ ಬದುಕುತ್ತಿದ್ದೇವೆ, ಕಾಪಾಡಿಕೊಳ್ಳಲು ನಮಗೆ ಊರೂ ಇಲ್ಲ, ಬೆಳೆಯೂ ಇಲ್ಲ, ಬೇಗ ಯುದ್ಧ ಬೇಕೆಂದಿದ್ದರೆ ನಮ್ಮ ಹಿರಿಯರ ಸಮಾಧಿಗಳನ್ನು ಹುಡುಕಿ ಮುಟ್ಟಿ ನೋಡು.

ಕೆಂಡಗೊರಸಿನ ನಾಯಕ ಆಟಗಾರರ ಮುಂದೆ ಇಂಥ ಮಾತನ್ನು ದನಿ ಏರಿಸದೆ ಆಡಿದರೆ ಸಾಕು, ಬೆನ್ನಹುರಿ ತಣ್ಣಗಾಗುತ್ತದೆ. ಮತ್ತು ಈ ಮಾತಿನಿಂದ ಅವರ ಧರ್ಮವೂ ಹುಟ್ಟುತ್ತದೆ. ಎಲ್ಲವನ್ನೂ ಹೊತ್ತು ನಡೆಯುವ ಜನಕ್ಕೆ ಹೊರಲಾಗದ ಒಂದೇ ವಸ್ತು ಸಮಾಧಿ. ಹಾಗಾಗಿ ಅವರ ಭೂಪಟವೆಂದರೆ ಸಮಾಧಿಗಳ ಭೂಪಟ. ಮಂಗೋಲಿಯಾದ ದಾರಿಗಳಲ್ಲಿ ಓವೋ ಎಂಬ ಕಲ್ಲುಗುಪ್ಪೆಗಳಿವೆ. ಹಾದುಹೋಗುವವರು ಮೂರು ಸುತ್ತು ಬಂದು ಒಂದು ಕಲ್ಲನ್ನು ಸೇರಿಸುತ್ತಾರೆ. ಅಂಥದ್ದೊಂದು ನಿಮ್ಮ ಜಗತ್ತಿನಲ್ಲಿಯೂ ಇರಲಿ.

ಮುಂಗಾರು

ಇಷ್ಟೆಲ್ಲ ಮಾಡಿ ಈ ದಂಡನ್ನು ಯಾವ ನೆಲದಲ್ಲಿ ಇಳಿಸುತ್ತೀರಿ? ನಮ್ಮ ಬಯಲುಸೀಮೆಯಂಥ ಭೂಮಿಯಾದರೆ ಹನ್ನೆರಡು ಸಾವಿರ ಕುದುರೆ ಅಸಾಧ್ಯ. ದಖ್ಖನಿನಲ್ಲಿ ಒಳ್ಳೆಯ ಯುದ್ಧದ ಕುದುರೆಗಳನ್ನು ಬೆಳೆಸುವುದು ಕಷ್ಟವಾದ್ದರಿಂದ ವಿಜಯನಗರದವರು ಅವನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ಅಲ್ಲಿನ ದೊರೆ ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಗೂ, ಬಾಲವನ್ನು ತಂದು ತೋರಿಸಿದರೆ ಹಣ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಜೊತೆಗೆ ಕೊಂಬು, ಮರ, ನರಗಳನ್ನು ಅಂಟಿನಿಂದ ಕೂಡಿಸಿ ಮಾಡುವ ಅಲೆಮಾರಿಗಳ ಬಿಲ್ಲು ಮಳೆಗಾಲದ ತೇವಕ್ಕೆ ಬಿಟ್ಟುಕೊಳ್ಳುತ್ತದೆ.

ದಂಡಿನ ಕಥೆಗಾರ

ಚಳಿಯ ಬಯಲಿನಲ್ಲಿಯೇ ಇಡುತ್ತೇನೆ. ನಿಮ್ಮೆಲ್ಲರ ಮಾತನ್ನು ಎರಡು ರಾತ್ರಿ ಓದಿ, ಒಂಬತ್ತು ಯುದ್ಧಗಳ ಅಧ್ಯಾಯವನ್ನು ಬದಿಗಿಟ್ಟು, ಇಷ್ಟನ್ನು ಹೊಸದಾಗಿ ಬರೆದಿದ್ದೇನೆ. ನೋಡಿ ಹೇಳಿ.

“ಮೊದಲ ಹಿಮ ಬಿದ್ದ ಮರುದಿನ ಕೆಂಡಗೊರಸು ಒಡೆಯುತ್ತದೆ. ಮೂರು ಸಾವಿರ ಸವಾರರು ಎಂದು ಊರಿನವರು ಹೆದರುವ ದಂಡು ಆರುನೂರು ಹಟ್ಟಿಗಳಾಗಿ ಚದುರುತ್ತದೆ. ಪ್ರತಿ ಹಟ್ಟಿಯ ಕಣಿವೆಯನ್ನು ಆರಿಸುವವಳು ಆ ಹಟ್ಟಿಯ ಹಿರಿಯಳು. ಅವಳ ಮಾತಿಗೆ ನಾಯಕನೂ ಎದುರಾಡುವಂತಿಲ್ಲ. ಹೊರಡುವ ಮುನ್ನ ಒಲೆಯ ಕೆಂಡವನ್ನು ಗೊರಸಿನ ಆಕಾರದ ಮಣ್ಣಿನ ಗಡಿಗೆಯಲ್ಲಿ ಬೂದಿ ಮುಚ್ಚಿ ಹಂಚಿಕೊಳ್ಳುತ್ತಾರೆ. ವಸಂತದಲ್ಲಿ ಹಿರಿಯರ ಸಮಾಧಿಯ ಬಳಿ ಮತ್ತೆ ಕೂಡುವಾಗ ಗಡಿಗೆಯಲ್ಲಿ ಕೆಂಡ ಉಳಿಸಿಕೊಂಡು ಬಂದ ಹಟ್ಟಿಗಳು ಅದನ್ನು ಒಂದೇ ಒಲೆಗೆ ಸುರಿಯುತ್ತವೆ. ಬಾರದೆ ಉಳಿದ ಹಟ್ಟಿಗೆ ಒಂದು ಕಲ್ಲು. ಶರತ್ಕಾಲದ ಕೊನೆಯಲ್ಲಿ ಹುಟ್ಟಿದ ಕುರಿಮರಿಗಳನ್ನು ಮಕ್ಕಳು ತಮ್ಮ ಅಂಗಿಯೊಳಗೆ ಇಟ್ಟುಕೊಂಡು ಮಲಗುತ್ತಾರೆ.”

ಓದುವ ಹಸಿವು

ಹೆಸರಿಗೆ ಈಗ ಅರ್ಥ ಬಂತು. ಮೊದಲು ಕೆಂಡಗೊರಸು ಎಂದಾಗ ಸುಡುವ ಕುದುರೆಗಳಷ್ಟೇ ಕಣ್ಣಿಗೆ ಬಂದಿದ್ದವು.

ಮೂರನೇ ದಾಳ

ಬಾರದೆ ಉಳಿದ ಹಟ್ಟಿಗೆ ಒಂದು ಕಲ್ಲು ಎಂಬ ಸಾಲು ನನ್ನನ್ನು ಗೆದ್ದಿತು. ಭಾನುವಾರದ ಆಟದಲ್ಲಿ ಒಂದು ಹಟ್ಟಿಯನ್ನು ಹುಡುಕಿಕೊಂಡು ಹಿಮದಲ್ಲಿ ಹೋಗುವ ಕಥೆ ಇಟ್ಟರೆ ನಾನೂ ಆಡಲು ಬರುತ್ತೇನೆ.

ಕಂಬಳಿ

ಬಹಳ ಚೆನ್ನಾಗಿದೆ, ಒಂದು ತಿದ್ದುಪಡಿ ಮಾತ್ರ. ಅಂಥ ಚಳಿಯ ನಾಡಿನಲ್ಲಿ ಮರಿಗಳು ಶರತ್ಕಾಲದಲ್ಲಿ ಹುಟ್ಟಬಾರದು, ಹುಟ್ಟಿದರೆ ಒಂದೂ ಉಳಿಯುವುದಿಲ್ಲ.

ಬಿಳಿಗುದುರೆ

ಕಂಬಳಿಯವರು ಹೇಳಿದ್ದು ಸರಿ. ಮಂಗೋಲಿಯಾದಲ್ಲಿ ಟಗರುಗಳಿಗೆ ಹೊಟ್ಟೆಯ ಕೆಳಗೆ ಉಣ್ಣೆಯ ಕಂಬಳಿಬಟ್ಟೆ ಕಟ್ಟಿ, ಹೊತ್ತಲ್ಲದ ಹೊತ್ತಿನಲ್ಲಿ ಹೆಣ್ಣುಕುರಿಗಳ ಮೇಲೆ ಹಾರದಂತೆ ತಡೆಯುತ್ತಾರೆ. ಮರಿಗಳು ಬೀಳುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ, ತಾಯಿಕುರಿಗಳು ಚಳಿಗಾಲ ಕಳೆದು ಎಲುಬುಗೂಡಾಗಿರುವಾಗ. ಜುದ್ ಎಂದು ಅವರು ಕರೆಯುವ ಕೊಲ್ಲುವ ಚಳಿ 2009ರಿಂದ 2010ರ ನಡುವೆ 80 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಬಲಿ ತೆಗೆದುಕೊಂಡಾಗಲೂ ವಸಂತದ ಆರಂಭವೇ ಬಹಳ ಕಠಿಣವಾಗಿತ್ತು.

ದಂಡಿನ ಕಥೆಗಾರ

ಹಾಗಾದರೆ ಮಕ್ಕಳು ಮರಿಗಳನ್ನು ಅಂಗಿಯೊಳಗೆ ಇಟ್ಟುಕೊಳ್ಳುವ ದೃಶ್ಯವನ್ನು ಮಾರ್ಚಿಗೆ, ಗಡಿಗೆಯಲ್ಲಿ ಕೆಂಡ ಆರುತ್ತಾ ಬಂದಿರುವ ದಿನಗಳಿಗೆ ಸರಿಸುತ್ತೇನೆ. ಟಗರಿನ ಕಂಬಳಿಬಟ್ಟೆ ನೇಯುವ ಮುದುಕಿಯ ಪಾತ್ರವನ್ನು ಅಕ್ಕ ತಾನೇ ಆಡುತ್ತೇನೆ ಎಂದಿದ್ದಾಳೆ. ಕಂಬಳಿಯವರೇ, ಆ ಬಟ್ಟೆಯನ್ನು ಟಗರಿಗೆ ಕಟ್ಟುವುದು ಹೇಗಿರಬಹುದು, ಎಷ್ಟು ಜನ ಹಿಡಿದುಕೊಳ್ಳಬೇಕು ಎಂಬುದನ್ನು ನಿಮ್ಮ ಅನುಭವದಿಂದ ಭಾನುವಾರದೊಳಗೆ ಬರೆದು ತಿಳಿಸುವಿರಾ?

ಕಂಬಳಿ

ಕಟ್ಟಿದವನಲ್ಲ, ಆದರೆ ಕೊಬ್ಬಿದ ಟಗರನ್ನು ಉಣ್ಣೆ ಕತ್ತರಿಸಲು ಹಿಡಿದು ಗೊತ್ತು. ಇಬ್ಬರು ಬೇಕು. ಒಬ್ಬರು ಕೊಂಬು ಹಿಡಿದು ಕುತ್ತಿಗೆಯನ್ನು ತೊಡೆಗಳ ನಡುವೆ ಒತ್ತಿಕೊಳ್ಳಬೇಕು, ಇನ್ನೊಬ್ಬರು ಹಿಂಗಾಲಿನ ಕಡೆಯಿಂದ ಬರದೆ ಪಕ್ಕದಿಂದ ಬಾಗಬೇಕು. ಅಕ್ಕನವರ ಮುದುಕಿ ಕೊಂಬು ಹಿಡಿಯಲಿ. ಕಟ್ಟುವ ಕೆಲಸವನ್ನು ಆಟಗಾರರಲ್ಲಿ ಒಬ್ಬರಿಗೆ ಒಪ್ಪಿಸಿ ದಾಳ ಉರುಳಿಸಿ.